ಕೂಸಿನ ಗೆಳೆತನ



2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ, ಮೂಡಲಗಿ ಭಾಗದ ಮನೆಗಳಿಗೆ ನೀರು ನುಗ್ಗಿತು. ಹುಕ್ಕೇರಿ ಭಾಗದಲ್ಲಿ ಹಿರಣ್ಯಕೇಶಿಯೂ ಉಕ್ಕಿತು. ಮನೆ ಬಿಟ್ಟವರು ಗಂಜಿ ಕೇಂದ್ರ ಸೇರಿದರು. ಗುರುತಿಲ್ಲದವರ ನಡುವೆ ಕೂಸು ತಾಯಿಯ ಸೆರಗು ಹಿಡಿದು ಕೂಡುವುದು ಸಹಜ. ‘ಹೋಗು, ಆಡು’ ಎಂದು ಅದನ್ನು ದೂಡಬಾರದು. ಮೊದಲು ನಾವೇ ಪಕ್ಕದ ತಾಯಿಯನ್ನು ಮಾತನಾಡಿಸಬೇಕು. ಕೂಸು ನೋಡಿ ಕಲಿಯುತ್ತದೆ. ಬಳಿಕ ಅದರ ಕೈಗೆ ಕರದಂಟಿನ ಎರಡು ಚೂರು ಕೊಡಿರಿ. ಒಂದು ತನಗೆ, ಒಂದು ಎದುರಿನ ಕೂಸಿಗೆ. ‘ನಿನ್ನ ಹೆಸರೇನು?’ ಎಂದು ಕೇಳಲು ಕಲಿಸಿರಿ. ‘ನೀವು ಯಾವ ಮಂದಿ?’ ಎಂದು ಕೇಳಲು ಕಲಿಸಬೇಡಿರಿ. ಅದು ಬೇಡವೆಂದೇ ಬಸವಣ್ಣನವರು ಹೇಳಿದ್ದು. ಹೊಳೆ ಮಣ್ಣಿನ ಗೋಡೆಯನ್ನು ಕೆಡವಿತು. ಆ ಪ್ರಶ್ನೆ ಕಟ್ಟುವ ಗೋಡೆಯನ್ನು ಯಾವ ಹೊಳೆಯೂ ಕೆಡವಲಾರದು. ಅದನ್ನು ನಾವು ಕಟ್ಟದಿರೋಣ.