ದಿಬ್ಬಕ್ಕೆ ಹೊಣೆ ಯಾರು?

ಕೋಲಾರದ ಚಿನ್ನದ ಗಣಿಯೆಂದೊಡನೆ ನಮ್ಮ ಕಲ್ಪನೆ ನೆಲದೊಳಕ್ಕೆ ಇಳಿಯುತ್ತದೆ. 3 ಕಿಲೋಮೀಟರಿಗೂ ಮಿಕ್ಕ ಆಳ, 1902ರಲ್ಲಿ ಶಿವನಸಮುದ್ರದಿಂದ ಹರಿದುಬಂದ ವಿದ್ಯುತ್ತು, ಶತಮಾನಕ್ಕೂ ಮೀರಿದ ಅವಧಿಯಲ್ಲಿ ಹೊರಬಂದ ಸುಮಾರು 800 ಟನ್ ಚಿನ್ನ, ಇವೆಲ್ಲ ನಾವು ಹೆಮ್ಮೆಯಿಂದ ಹೇಳಿಕೊಂಡು ಬಂದ ಸಂಗತಿಗಳು. ನಾನಿಂದು ಹೇಳಬಯಸುವುದು ನೆಲದ ಮೇಲೆ ಉಳಿದದ್ದರ ಮಾತು. ಊರಿನ ಮಗ್ಗುಲಲ್ಲೇ ಬಿದ್ದಿರುವ ದಿಬ್ಬಗಳವು. ಜನ ಅವನ್ನು ಸೈನೈಡ್ ಗುಡ್ಡಗಳೆನ್ನುತ್ತಾರೆ.

ಒಂದು ಟನ್ ಅದಿರಿನಲ್ಲಿ ಸಿಕ್ಕುವ ಚಿನ್ನ ಕೆಲವೇ ಗ್ರಾಂ. ಆದುದರಿಂದ ಕಲ್ಲನ್ನು ಹಿಟ್ಟಾಗುವಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದು, ಉಳಿದ ಕೆಸರನ್ನು ಹೊರಗೆ ಸುರಿಯುತ್ತಿದ್ದರು. ಹೀಗೆ ಸೇರಿದ್ದು 3 ಕೋಟಿ ಟನ್ನಿಗೂ ಮಿಗಿಲು. ಸೈನೈಡು ಬಿಸಿಲು ಗಾಳಿಗಳಿಗೆ ಬಹುಮಟ್ಟಿಗೆ ಕಳೆದುಹೋಗುತ್ತದೆ. ಸಿಲಿಕಾದ ನುಣ್ಣನೆಯ ಧೂಳು ಹೋಗುವುದಿಲ್ಲ. ಗಾಳಿ ಅದನ್ನು ಮನೆಮನೆಗೂ ಹಂಚುತ್ತದೆ. ಲಾಭಾಂಶವನ್ನು ಇಷ್ಟು ಧಾರಾಳವಾಗಿ ಹಂಚಿದವರುಂಟೇ?

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಬಂದಿತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಒಡೆಯರು ಬದಲಾದಂತೆಲ್ಲ ದಿಬ್ಬ ಬೆಳೆಯಿತು. 'ಲಿಮಿಟೆಡ್' ಎಂಬುದರ ಅರ್ಥವನ್ನು ಗಮನಿಸಿ: ಹೂಡಿದ ಹಣದಾಚೆಗೆ ಪಾಲುದಾರನಿಗೆ ಹೊಣೆಯಿಲ್ಲ. ಧೂಳಿಗೆ ಅಂಥ ಎಲ್ಲೆಯನ್ನು ಯಾರೂ ಹಾಕಿಕೊಡಲಿಲ್ಲ.

ಗಣಿಯೂರಿಗೆ ನೀರು ಕೊಟ್ಟದ್ದು ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆ. ಅದೇ ಪಾಲಾರ್ ತಮಿಳುನಾಡಿಗಿಳಿದು, ವೆಲ್ಲೂರು ಸೀಮೆಯಲ್ಲಿ ಚರ್ಮ ಹದಮಾಡುವ ಕಾರ್ಖಾನೆಗಳ ಕೊಳೆಯನ್ನು ಹೊತ್ತು, ಕೊನೆಗೆ ನ್ಯಾಯಾಲಯದ ಬಾಗಿಲನ್ನು ಮುಟ್ಟಿತು. ಕೆಡಿಸಿದವನೇ ತೆರತಕ್ಕದ್ದು, ನೊಂದವರಿಗೆ ಪರಿಹಾರವಷ್ಟೇ ಅಲ್ಲ, ಕೆಟ್ಟ ನೆಲಜಲಗಳನ್ನು ಸರಿಪಡಿಸುವ ವೆಚ್ಚವನ್ನೂ ತೆರತಕ್ಕದ್ದು ಎಂದು ಸುಪ್ರೀಂ ಕೋರ್ಟು 1996ರಲ್ಲಿ ವಿಧಿಸಿತು. ಆದರೆ ಅಲ್ಲಿ ಕಾರ್ಖಾನೆಗಳು ಕಣ್ಣೆದುರಿಗಿದ್ದವು. ಮುಚ್ಚಿದ ಗಣಿಯಲ್ಲಿ ಯಾರನ್ನು ಹಿಡಿಯುವುದು? ಒಡೆತನ ಸರ್ಕಾರದ್ದೆಂದರೆ ತೆರುವವರು ಕಂದಾಯ ಕೊಡುವ ನಾವೇ, ಅಂದರೆ ಧೂಳು ಕುಡಿದವರೂ ಸೇರಿ.

ನಮ್ಮ ಹಳಗನ್ನಡದಲ್ಲಿ 'ಪೊಣೆ' ಎಂದರೆ ಜಾಮೀನು. ಸಾಲ ಕೈಸೇರುವ ಮುನ್ನವೇ ಹೊಣೆಗಾರ ಬಂದು ನಿಲ್ಲಬೇಕು. ಹೊಣೆಯೆಂಬುದು ಅನಂತರ ಹುಡುಕುವ ಅಪರಾಧಿಯ ಹೆಸರಲ್ಲ. ಈ ಅರ್ಥ ನಮ್ಮ ಗಣಿ ನಿಯಮಗಳಿಗೆ ಬಂದದ್ದು 2003ರಲ್ಲಿ: ಗಣಿಯನ್ನು ಹೇಗೆ ಮುಚ್ಚುವಿರೆಂಬ ಯೋಜನೆಯನ್ನೂ ಅದಕ್ಕೆ ಹಣದ ಖಾತರಿಯನ್ನೂ ಮುಂಗಡವಾಗಿ ಒಪ್ಪಿಸಬೇಕು. ಕೋಲಾರದ ಗಣಿ ಮುಚ್ಚಿ ಆಗ ಎರಡು ವರ್ಷವಾಗಿತ್ತು.

2024ರಲ್ಲಿ, ಅಲ್ಲಿಯ 13 ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ನಮ್ಮ ರಾಜ್ಯದ ಸಚಿವ ಸಂಪುಟ ಸಮ್ಮತಿಸಿತು. ತೆಗೆಯಲಿ, ಕೆಲವರಿಗಾದರೂ ಕೆಲಸ ಸಿಕ್ಕೀತು. ಎರಡನೆಯ ಸಲ ಅರೆದ ಮೇಲೂ ಧೂಳು ಹೆಚ್ಚುಕಡಮೆ ಅಷ್ಟೇ ಉಳಿಯುತ್ತದೆ. ಅದನ್ನು ಎಲ್ಲಿಡುವರು, ಯಾವುದರಿಂದ ಮುಚ್ಚುವರು, ಅದಕ್ಕೆ ಪೊಣೆ ನಿಲ್ಲುವವರು ಯಾರು? ಕರಾರುಪತ್ರ ಸಿದ್ಧವಾದಾಗ ಮೊದಲು ಓದಬೇಕಾದ ಪುಟ ಅದು.