ಮನಿಯೊಳಗ ಹಾಡು ರೆಕಾರ್ಡ್ ಮಾಡೋದು ಹ್ಯಾಂಗ?
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಹೋದ ವರ್ಷ ಇದೇ ಹಂದರದಾಗ ಕುಂತು ಹಾಡಿದ ನಮ್ಮ ದೊಡ್ಡವ್ವ ಈ ವರ್ಷ ಇಲ್ಲ. ಬೀಸೋಕಲ್ಲಿನ ಪದ, ಸೋಬಾನ ಪದ, ಬಾಬಾಸಾಹೇಬರ ಮ್ಯಾಲಿನ ಪದ ಎಲ್ಲಾ ಆಕಿ ಬಾಯಾಗ ಇದ್ದವು. ಈಗ ನಮ್ಮ ಹತ್ರ ಉಳಿದದ್ದು ಒಂದು ಮೊಬೈಲಿನಾಗಿನ ೪೦ ಸೆಕೆಂಡು, ಅದರಾಗೂ ಅರ್ಧ ಜನರೇಟರ್ ಸಪ್ಪಳ. ಸೊಲ್ಲಾಪುರದ ಸ್ಟುಡಿಯೋಕ್ಕ ಕರಕೊಂಡು ಹೋಗೋಣಂತ ಎರಡು ವರ್ಷ ಅಂದ್ವಿ, ರೊಕ್ಕ ಕೂಡಲಿಲ್ಲ. ಅಷ್ಟು ರೊಕ್ಕ ಬೇಕಾಗೇ ಇರಲಿಲ್ಲ ಅನ್ನೋದು ಆಮ್ಯಾಲೆ ಗೊತ್ತಾತು. ಅದನ್ನೇ ಇವತ್ತು ಹೇಳತೀನಿ.

ಸಂಘದ ಹಳೇ ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಮೂರು ಬಣ್ಣದ ತೂತು ಅದಾವ. ಗುಲಾಬಿ ಮೈಕಿಗೆ, ಹಸಿರು ಹೆಡ್‌ಫೋನಿಗೆ, ನೀಲಿ ಲೈನ್-ಇನ್. ಕೀಬೋರ್ಡ್ ಅಥವಾ ಮಿಕ್ಸರಿನ ವಾಯರ್ ನೀಲಿಗೆ ಹಾಕಬೇಕು. ಗುಲಾಬಿ ಇರೋದು ಸಣ್ಣ ದನಿಯನ್ನ ದೊಡ್ಡದು ಮಾಡಾಕ. ಅದಕ್ಕ ಹಾಕಿದ್ರ ದನಿ ಒಡೀತೈತಿ. ಸ್ಟೇಜ್ ಮೈಕ್ ನೇರ ಚುಚ್ಚಿದ್ರ ದನಿ ಬಾಳ ಸಣ್ಣ ಬರತೈತಿ. ಕಂಪ್ಯೂಟರಿಗಂತ ಬರೋ ಸಣ್ಣ ಮೈಕೇ ಸಾಕು. ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗತೈತಿ.

ಈ ಕಾರ್ಡು ಒಂದು ಸಲಕ್ಕ ಒಂದೇ ಮೈಕ್ ಹಿಡೀತೈತಿ. ಹಂಗಾದ್ರ ಹಲಗಿ, ಪೆಟ್ಟಿಗಿ, ಹಾಡವರು ಎಲ್ಲಾ ಹ್ಯಾಂಗ? ಒಬ್ಬೊಬ್ಬರಾಗಿ. ರೊಟ್ಟಿ ಬಡದು ಒಂದರ ಮ್ಯಾಲೊಂದು ಇಟ್ಟಂಗ.

ಮೊದಲು ಪೆಟ್ಟಿಗಿ ಮ್ಯಾಲೆ ಶ್ರುತಿ ಗಟ್ಟಿ ಮಾಡಕೋರಿ. ಆಮ್ಯಾಲೆ ತಾಳ. ಬಾಯಿಂದ ಒಂದು-ಎರಡು-ಮೂರು-ನಾಕು ಎಣಿಸಿ ಹಲಗಿ ಶುರು ಮಾಡಬೇಕು; ಮುಂದ ಬರೋರಿಗೆ ಅದೇ ಗುರುತು. ಹಲಗಿ ಕಾಸಿ, ಮೈಕಿನಿಂದ ಆರೇಳು ಫೂಟು ದೂರ ನಿಲ್ಲರಿ. ಮೀಟರಿನಾಗ ದನಿ ಮೈನಸ್ ೬ರ ಹತ್ರ ಮುಟ್ಟಿದ್ರ ಸಾಕು. ಸೊನ್ನಿ ದಾಟಿ ಒಡದ ದನಿ ಮತ್ತ ಕೂಡಂಗಿಲ್ಲ.

ಎರಡನೇದವರು ಹೆಡ್‌ಫೋನಿನಾಗ ಹಲಗಿ ಕೇಳಕೋತ ಹಾಡಬೇಕು. ಸ್ಪೀಕರ್ ಹಚ್ಚಿದ್ರ ಹಲಗಿ ಮತ್ತ ಮೈಕಿನೊಳಗ ಹೊಕ್ಕೈತಿ. ಫ್ಯಾನ್ ಬಂದ್ ಮಾಡರಿ, ಗ್ವಾಡಿಗೆ ಕೌದಿ ಕಟ್ಟರಿ, ಗುಂಯ್‌ಗುಡೋದು ಕಡಿಮಿ ಆಗತೈತಿ.

ಇಲ್ಲೊಂದು ತೊಡಕೈತಿ. ಸರಿಯಾಗಿ ಹಾಡಿದ್ರೂ ಕೂಡಿಸಿ ಕೇಳಿದಾಗ ಹಾಡು ತಾಳಕ್ಕ ಹಿಂದ ಬೀಳತೈತಿ. ತಪ್ಪು ಹಾಡಿದವರದಲ್ಲ, ದನಿ ಕಂಪ್ಯೂಟರಿನೊಳಗ ಹೋಗಿ ಬರೋದಕ್ಕ ತಡ ಆಗತೈತಿ. ೧೦೦ ಮಿಲಿಸೆಕೆಂಡು ಅಂದ್ರ ಸೆಕೆಂಡಿನ ಹತ್ತರಾಗ ಒಂದು ಪಾಲು. ಹಲಗಿ ಕಿವಿಗೆ ಅದು ತಿಳೀತೈತಿ. ಹೆಡ್‌ಫೋನನ್ನ ಮೈಕಿಗೆ ಹಚ್ಚಿ ಟಕ್ ಟಕ್ ಸಪ್ಪಳ ರೆಕಾರ್ಡ್ ಮಾಡರಿ. ಎರಡು ಗೆರಿ ನಡುವಿನ ಅಂತರ ಅಳದು ಎಳದು ಕೂಡಸರಿ. ಸೆಟ್ಟಿಂಗಿನಾಗ ಒಮ್ಮೆ ಸರಿ ಮಾಡಿಟ್ರ ಮುಂದಿನ ಹಾಡಿಗೆ ತ್ರಾಸಿಲ್ಲ.

ಮ್ಯಾಳಕ್ಕ ಇಬ್ಬರೇ ಇದ್ರ ಮೂರು ಸಲ ಹಾಡರಿ, ಆರು ದನಿ ಆಗತಾವ. ಎಂಟು ಟ್ರ್ಯಾಕಿನ ಐದು ನಿಮಿಷದ ಹಾಡು ೧೬ ಬಿಟ್ ವೇವ್ ಫೈಲಿನಾಗ ೨೦೦ ಎಂಬಿ ಮ್ಯಾಲೆ ಆಗತೈತಿ, ಒಂದು ಪೆನ್‌ಡ್ರೈವಿನಾಗ ಬೇಕಾದಷ್ಟು ಹಿಡೀತಾವ. ಎರಡು ಮನಿಯಾಗ ಎರಡು ಪ್ರತಿ ಇಡರಿ.

ಒಬ್ಬ ತಮ್ಮ ಕೇಳಿದ: “ಅಣ್ಣಾ, ಹಲಗಿ ಬಿಟ್ಟೀವಲ್ಲ, ಮತ್ತ ಯಾಕ?” ಅವನ ಸಿಟ್ಟು ಸುಳ್ಳಲ್ಲ. ಊರವರು ಕರದಾಗ ಬಿಟ್ಟಿ ಬಾರಸೋದನ್ನ ಬಿಟ್ಟೀವಿ, ಬಿಡಲೇಬೇಕಿತ್ತು. ನಮ್ಮ ಹಾಡಿಗೆ ನಾವೇ ಬಾರಸೋದು ಬ್ಯಾರೆ ಮಾತು.

ಇನ್ನೊಂದು. ನಮ್ಮ ಕೇರಿ ಪದ ಹಿಂದ ಒಂದು ಕ್ಯಾಸೆಟ್ಟಿನಾಗ ಬಂದಿತ್ತು. ಹಾಡಿದವರ ಹೆಸರಿತ್ತು, ಕಟ್ಟಿದವರ ಹೆಸರಿನ ಜಾಗಾದಾಗ ‘ಜಾನಪದ’ ಅಂತಿತ್ತು. ಪದ ಕಟ್ಟಿದ ಅಜ್ಜ ಅದನ್ನ ಕೇಳಕೋತ ಇಲ್ಲೇ ಕಟ್ಟಿ ಮ್ಯಾಲೆ ಕುಂತಿದ್ದ. ಅದಕ್ಕ ರೆಕಾರ್ಡ್ ಶುರುವಾದ ಕೂಡಲೇ ಹೆಸರು, ಊರು, ತಾರೀಖು, ಪದ ಯಾರಿಂದ ಕಲತದ್ದು ಅನ್ನೋದನ್ನ ಬಾಯಿಂದಲೇ ಹೇಳಸರಿ.

ಬಾಬಾಸಾಹೇಬರು ೧೯೨೦ರ ಜನವರಿ ೩೧ಕ್ಕ ಪತ್ರಿಕೆ ಶುರು ಮಾಡಿ ‘ಮೂಕನಾಯಕ’ ಅಂತ ಹೆಸರಿಟ್ರು. ನಮ್ಮ ಮಾತು ನಾವೇ ಆಡಬೇಕಂತ ತಾವೇ ಪತ್ರಿಕೆ ಹಾಕಿದ್ರು. ನಮ್ಮ ಹತ್ರ ಒಂದು ಕಂಪ್ಯೂಟರ್, ಒಂದು ಮೈಕ್ ಐತಿ. ಸಾಲಿ ಮರಾಠಿ ಆದ್ರೂ ಈ ಕೇರಿ ಪದ ಇನ್ನೂ ಕನ್ನಡದಾಗ ಅದಾವ. ಹಾಡೋ ಅವ್ವಗೋಳು ನಾಕು ಮಂದಿ ಉಳದಾರ. ಬರೋ ಐತವಾರ ಮುಂಜಾನೆ ಸಂಘದ ಕೋಣ್ಯಾಗ ಮೊದಲನೇ ಹಾಡು. ಅವ್ವಗೋಳನ್ನ ನಾ ಕರಕೊಂಡು ಬರತೀನಿ, ಕೌದಿ ನೀವು ತರ್ರಿ.

ಜೈ ಭೀಮ್.