ಆರು ತಂತಿ ಬೇಕಾ, ಐದು ಸಾಕಾ?



ನಮ್ಮ ಕಲಾತಂಡಕ್ಕೆ ಆರು ತಂತಿಯ ಬೇಸ್ ಗಿಟಾರ್ ಕೊಳ್ಳಬೇಕು ಅಂತ ಹುಡುಗರು ಕೇಳ್ತಿದ್ದಾರೆ. ಸಂಘದ ದುಡ್ಡು ಅಂದ್ರೆ ಎಲ್ಲರ ಕೂಲಿ ದುಡ್ಡು. ಅದಕ್ಕೇ ಗೆಳೆಯರೊಬ್ಬರ ಹತ್ತಿರ ಒಂದನ್ನು ಎರವಲು ತಂದು ಎರಡು ತಿಂಗಳು ನುಡಿಸಿ ನೋಡಿದೆ.

ಮಾಮೂಲಿ ಬೇಸಿಗೆ ನಾಲ್ಕು ತಂತಿ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ತಂದ ಬೇಸಿಗೂ ನಾಲ್ಕೇ. ಅದರ ದಪ್ಪನೆಯ ‘ಇ’ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತೆ. ಐದನೆಯದು ‘ಬಿ’, ಇನ್ನೂ ಕೆಳಗಿನ ಸ್ವರ, ಸುಮಾರು 31 ಸಲ. ಆರನೆಯದು ‘ಸಿ’, ಸಣ್ಣ ತಂತಿ, ಮೇಲಿನ ಸ್ವರ. 1975ರಲ್ಲಿ ಆಂಟನಿ ಜಾಕ್ಸನ್ ಅನ್ನೋ ಕಲಾವಿದರು ಹೇಳಿ ಮಾಡಿಸಿದ್ದು ಇಂಥ ಆರು ತಂತಿಯದನ್ನೇ.

ಕೊಳ್ಳುವಾಗ ಮೊದಲು ‘ಬಿ’ ತಂತಿ ನೋಡಬೇಕು. ಅದರ ಐದನೇ ಮನೆ ಒತ್ತಿ ಮೀಟಿ, ಆಮೇಲೆ ‘ಇ’ ತಂತಿಯನ್ನು ಒತ್ತದೆ ಮೀಟಿ. ಎರಡೂ ಒಂದೇ ಸ್ವರ. ಮೊದಲನೆಯದು ಸಡಿಲವಾಗಿ ‘ಭೊರ್’ ಅಂದ್ರೆ ಆ ಗಿಟಾರ್ ಬೇಡ. ಇನ್ನೊಂದು, ಒಂದು ತಂತಿ ಮೀಟಿದ್ರೆ ಮಿಕ್ಕವೂ ಗುಂಯ್ ಅಂತವೆ. ಆರು ತಂತಿಯಲ್ಲಿ ನುಡಿಸೋದಕ್ಕಿಂತ ಸುಮ್ಮನಿರಿಸೋದೇ ದೊಡ್ಡ ಕೆಲಸ. ಕತ್ತೂ ಅಗಲ, ಭಾರವೂ ಜಾಸ್ತಿ. ಒಂದು ಗಂಟೆಗೆ ಭುಜ ಇಳಿದುಹೋಗುತ್ತೆ.

ಆದ್ರೆ ನಿಜವಾದ ಪರೀಕ್ಷೆ ತಮಟೆ ಪಕ್ಕದಲ್ಲಿ ಆಯ್ತು. ನಾನು ಖುಷಿಯಲ್ಲಿ ‘ಬಿ’ ತಂತಿ ಬಿಡದೆ ಮೊಳಗಿಸಿದೆ. ತಮಟೆ ಹಿಡಿದಿದ್ದ ದೊಡ್ಡಪ್ಪ ನಿಲ್ಲಿಸಿಬಿಟ್ರು: “ಏನಪ್ಪಾ, ನನ್ನ ಏಟು ನಂಗೇ ಕೇಳಿಸ್ತಿಲ್ಲ!”

ನಾಚಿಕೆ ಆಯ್ತು. ಮೇಚೇರಿ ಕುರಿ ತೊಗಲಿಗೆ ಚರ್ಮದ ವ್ಯಾಪಾರದಲ್ಲಿ ಎಷ್ಟು ಹೆಸರು! ತೊಗಲು ಬಡಿಯೋ ಕೈಗೆ ಮಾತ್ರ ಹೆಸರು ಸಿಗ್ಲಿಲ್ಲ. ಯಾರದೋ ಸಾವಿಗೆ ಹೋಗಿ ಬಡಿಯಲೇಬೇಕು ಅನ್ನೋ ಕಾಲದಲ್ಲಿ ಹಿರಿಯರು ತಮಟೆ ಕೆಳಗಿಟ್ರು. ನಾವು ನಮ್ಮ ವೇದಿಕೆಗೆ ಮತ್ತೆ ಎತ್ತಿಕೊಂಡ್ವಿ. ಅದನ್ನೇ ನಾನು ಮುಚ್ಚಿಹಾಕಿದ್ದೆ. ಚೆನ್ನೈನಲ್ಲಿ 2018ರ ಜನವರಿಯಲ್ಲಿ ಮೊದಲ ಸಲ ಹಾಡಿದ ‘ಕಾಸ್ಟ್‌ಲೆಸ್ ಕಲೆಕ್ಟಿವ್’ ತಂಡದವರು ಪರೈ, ಗಿಟಾರ್ ಎರಡನ್ನೂ ಒಂದೇ ವೇದಿಕೆಗೆ ತಂದ್ರು. ಆ ತಂಡದ ಹೆಸರಿಗೇ ಅಯೋತಿ ದಾಸರ್ ಅವರ ‘ಜಾತಿಯಿಲ್ಲದ ತಮಿಳರು’ ಅನ್ನೋ ಮಾತು ಮೂಲ.

ಮಾರನೇ ದಿನ ತಮಟೆ ಏಟು ಬಿದ್ದ ಮೇಲೆ, ಆ ಸಂದಿಯಲ್ಲಿ ಮಾತ್ರ ‘ಬಿ’ ಮೀಟಿ, ತಕ್ಷಣ ಅಂಗೈಯಿಂದ ಅಮುಕಿದೆ. ದೊಡ್ಡಪ್ಪ ತಲೆ ಆಡಿಸಿದ್ರು. ಆರನೇ ತಂತಿ? ಎರಡು ತಿಂಗಳಲ್ಲಿ ಒಂದೇ ಹಾಡಿಗೆ ಬೇಕಾಯ್ತು.

“ಆರು ಇದ್ರೆ ಗೌರವ ಅಣ್ಣಾ” ಅಂದ ಒಬ್ಬ ತಮ್ಮ. ನಮ್ಮ ಜನಕ್ಕೆ ‘ನಿಮಗೆ ಇಷ್ಟು ಸಾಕು’ ಅಂತ ಹೇಳಿದವರು ಬಹಳ. ನಾನೂ ಅದನ್ನೇ ಹೇಳ್ತಿದ್ದೀನಾ ಅಂತ ರಾತ್ರಿ ನಿದ್ದೆ ಬರ್ಲಿಲ್ಲ. ಆದ್ರೂ ಹೇಳ್ತೀನಿ, ಈಗ ಐದು ತಂತಿಯದು ತಗೊಳ್ಳೋಣ. ಉಳಿದ ದುಡ್ಡಿಗೆ ಒಳ್ಳೆ ಬೇಸ್ ಸ್ಪೀಕರ್ ಬೇಕು. ನಮ್ಮ ಕೊಳವೆ ಸ್ಪೀಕರಿನಲ್ಲಿ ಆ 31ರ ಅದುರು ಹೊರಗೇ ಬರಲ್ಲ. ನಿಮ್ಮಲ್ಲೊಬ್ಬರು ಕಲಿತು ‘ಆರನೇ ತಂತಿ ಇಲ್ದೆ ಕೈ ಕಟ್ಟಿದ ಹಾಗಿದೆ’ ಅಂದ ದಿನ, ಮೊದಲ ಚಂದಾ ನನ್ನದು.

ಎರವಲು ಗಿಟಾರ್ ಭಾನುವಾರದ ತನಕ ನನ್ನ ಹತ್ರ ಇರುತ್ತೆ. ಸಂಜೆ ಬನ್ನಿ, ಹೆಣ್ಣುಮಕ್ಕಳೂ ಬನ್ನಿ, ನುಡಿಸಿ ನೋಡಿ. ದೊಡ್ಡಪ್ಪ ತಮಟೆ ಕಾಯಿಸಿ ಇಟ್ಟಿರ್ತಾರೆ.